ಕೌದಿಯ ಮೇಲಣ ಸ್ವಸ್ತಿಕ

ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ತಾಯಂದಿರು ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವರು. ಅದರ ಮೇಲೆ ಯಾವ ಚಿತ್ರವಿರಬೇಕೆಂಬುದು ವಿಚಾರಾರ್ಹವಾದ ಸಂಗತಿ. ಸ್ವಸ್ತಿಕವು ನಮ್ಮಲ್ಲಿ ಪುರಾತನ ಮಂಗಳಚಿಹ್ನೆ. ಅದರ ಹೆಸರಿನಲ್ಲಿಯೇ ಕ್ಷೇಮದ ಅರ್ಥವುಂಟು. ಆದರೆ ಅಂಥದೇ ಗುರುತನ್ನು 1920ರಲ್ಲಿ ಜರ್ಮನಿಯ ನಾಜಿ ಪಕ್ಷವು ಧ್ವಜಕ್ಕೇರಿಸಿತು. ಆ ಧ್ವಜದಡಿಯಲ್ಲಿ ಸುಮಾರು 60 ಲಕ್ಷ ಯೆಹೂದ್ಯರು ಹತರಾದರು. ಅಮೇರಿಕದ ನವಾಹೋ, ಹೋಪಿ, ಅಪಾಚೆ, ಪಾಪಗೋ ಜನರ ಪ್ರತಿನಿಧಿಗಳು, ಪೂರ್ವಿಕರಿಗೆ ಸ್ನೇಹಸೂಚಕವಾಗಿದ್ದ ಇದೇ ಚಿಹ್ನೆಯನ್ನು ತಮ್ಮ ಕಂಬಳಿ, ಬುಟ್ಟಿಗಳಿಂದ 1940ರಲ್ಲಿ ತಾವಾಗಿಯೇ ಕೈಬಿಟ್ಟರು.

ಪ್ರಿಯ ಸಹೋದರಿಯರೇ, ಮನೆಯ ಕೂಸಿನ ಕೌದಿಯಲ್ಲಿ ಸ್ವಸ್ತಿಕವಿದ್ದರೆ ದೋಷವೇನೂ ಇಲ್ಲ. ಪರದೇಶಕ್ಕೆ ಕಳುಹಿಸುವ ಕೌದಿಯಲ್ಲಾದರೋ ಕಮಲವನ್ನೋ ನಕ್ಷತ್ರವನ್ನೋ ಹೊಲಿಯಿರಿ. ಚಿಹ್ನೆಯ ಅರ್ಥವು ಹೊಲಿದವಳ ಮನಸ್ಸಿನಲ್ಲಿ ಮಾತ್ರವಲ್ಲ, ಹೊದೆಯುವವರ ನೆನಪಿನಲ್ಲಿಯೂ ಇರುವುದು.