ಬೇಡ ಎಂದಾಗ ಕೈ ನಿಲ್ಲಲಿ

ಪ್ರಶ್ನೆ: ಚಿಟಗುಪ್ಪದ ಆಸ್ಪತ್ರೆಯೊಂದಕ್ಕೆ ಹೊಸದಾಗಿ ಬಂದ ವೈದ್ಯೆ ನಾನು. ಗರ್ಭಿಣಿಯೊಬ್ಬಳನ್ನು ಒಳತಪಾಸಣೆಗೆ ಮಲಗಿಸಿದ ಕೂಡಲೇ ತೊಡೆ ಬಿಗಿಹಿಡಿದು ನಡುಗತೊಡಗಿದಳು. ‘ನಾಟಕ ಮಾಡಬ್ಯಾಡ’ ಎಂದು ಸಿಸ್ಟರ್ ಗದರಿದರು. ನಾನು ತಪಾಸಣೆ ಮುಗಿಸಿದೆ. ಆಮೇಲೆ ಆಕೆ ಬರಲೇ ಇಲ್ಲ. ಇಂಥವರನ್ನು ಹೇಗೆ ನೋಡಬೇಕೆಂದು ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ.

ಉತ್ತರ: ಡಾಕ್ಟ್ರೇ, ಮೊದಲು ಆಕೆಯನ್ನು ಹುಡುಕಿಸಿ. ‘ಬಿಪಿ ನೋಡಿ ಕಳಸ್ತಾರ, ನೀ ಒಪ್ಪದ ಮುಟ್ಟಂಗಿಲ್ಲ’ ಎಂದು ಆಶಾ ಕಾರ್ಯಕರ್ತೆಯಿಂದ ಹೇಳಿಸಿ. ನಡುಗಿದ ಸಂಗತಿ ಮಾತ್ರ ಆಶಾಗೂ ಗೊತ್ತಾಗುವುದು ಬೇಡ.

ಅದು ನಾಟಕವಲ್ಲ. ಬಲಾತ್ಕಾರ ಅನುಭವಿಸಿದವಳಿಗೆ, ಮನೆಯಲ್ಲಿ ಹೊಡೆತ ತಿನ್ನುವವಳಿಗೆ, ಮೊದಲ ಹೆರಿಗೆಯಲ್ಲೇ ಬೈಗುಳ, ಏಟು ಕಂಡವಳಿಗೆ ತಪಾಸಣೆಯ ಟೇಬಲ್ ಮೇಲೆ ಮಲಗಿದರೆ ಹಳೆಯದೆಲ್ಲ ಮೈಯೊಳಗೆ ಎದ್ದುಬರುತ್ತದೆ. ಏನಾಗಿತ್ತೆಂದು ಕೆದಕಬೇಕಿಲ್ಲ. ಬಂದ ಪ್ರತಿ ಹೆಣ್ಣುಮಗಳಿಗೂ ಅಂಥದ್ದೇನೋ ಆಗಿರಬಹುದೆಂದುಕೊಂಡೇ ನಡೆದುಕೊಳ್ಳಿ. ಪರದೆ ಎಳೆಯಿರಿ. ಏನು ಮಾಡುತ್ತೀರಿ, ಯಾಕೆ ಎಂದು ಬಟ್ಟೆ ಸರಿಸುವ ಮೊದಲೇ ಹೇಳಿ. ‘ಸಾಕು ಅಂದ್ರ ಅಲ್ಲಿಗೇ ಬಿಡ್ತೀನಿ ತಂಗಿ’ ಎನ್ನಿ. ಅವಳು ಸಾಕು ಎಂದಾಗ ನಿಜವಾಗಿಯೂ ಬಿಡಿ. ಗರ್ಭಿಣಿಯರ ಮಾಮೂಲಿ ಭೇಟಿಗಳಲ್ಲಿ ಒಳತಪಾಸಣೆಯ ಅಗತ್ಯವೇ ಕಡಿಮೆ. ತುರ್ತಿಲ್ಲದ್ದು ಇನ್ನೊಂದು ದಿನಕ್ಕೆ ಹೋಗಲಿ.

ನಿಮ್ಮ ಕಡೆ ಉರ್ದು, ಮರಾಠಿ, ತೆಲುಗು ಮನೆಮಾತಿನವರೂ ಬರುತ್ತಾರೆ. ಅತ್ತೆಯನ್ನೋ ಗಂಡನನ್ನೋ ದುಭಾಷಿ ಮಾಡಿದರೆ ಅವಳ ಬಾಯಿ ಕಟ್ಟಿದಂತೆಯೇ. ಆ ಮಾತು ಬಲ್ಲ ನರ್ಸ್ ಒಬ್ಬರು ಜತೆಗಿರಲಿ. ಮನೆಯ ಹೊಡೆತದ ಬಗ್ಗೆ ಬಾಯಿಬಿಟ್ಟರೆ, ಅವಳು ಒಪ್ಪಿದಲ್ಲಿ, ಮಹಿಳಾ ಸಹಾಯವಾಣಿ 181ಕ್ಕೋ ಮಾನಸಿಕ ಆರೋಗ್ಯದ 14416ಕ್ಕೋ ಆಸ್ಪತ್ರೆಯಿಂದಲೇ ಮಾತಾಡಿಸಿ. ನಂಬರ್ ಬರೆದ ಚೀಟಿ ಮನೆಗೆ ಹೋಗಿ ಗಂಡನ ಕೈಗೆ ಸಿಕ್ಕರೆ ಅಪಾಯ.

ಕಲಿಸಲಿಲ್ಲ ಎಂದಿರಿ. ವೈದ್ಯರ ನಡೆ, ಸಂವಹನ 2019ರ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಸೇರಿವೆ. ಅತ್ಯಾಚಾರಕ್ಕೊಳಗಾದವರಿಗೆ ‘ಎರಡು ಬೆರಳಿನ ಪರೀಕ್ಷೆ’ ಮಾಡಕೂಡದೆಂದು 2022ರ ಅಕ್ಟೋಬರ್ 31ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ವೈದ್ಯಕೀಯ ಪಠ್ಯವನ್ನೂ ಪರಿಶೀಲಿಸಲು ಹೇಳಿತು. ಆದರೂ ಹೆರಿಗೆ ಕೋಣೆಯಲ್ಲಿ ಹಿರಿಯರು ಗದರುವುದನ್ನು ನೋಡಿಯೇ ಕಿರಿಯರು ಕಲಿಯುತ್ತಾರೆ. ಹೀಗಾಗಿ ವೈದ್ಯರಿಗಷ್ಟೇ ತರಬೇತಿ ಕೊಟ್ಟರೆ ಸಾಲದು, ಸಿಸ್ಟರ್, ಆಯಾ ಎಲ್ಲರಿಗೂ ಬೇಕು. ಬೀದರಿನ ವೈದ್ಯಕೀಯ ಕಾಲೇಜು ಬ್ರಿಮ್ಸ್‌ನ ಪ್ರಸೂತಿ ಮತ್ತು ಮನೋವೈದ್ಯ ವಿಭಾಗಗಳಿಗೆ ಪತ್ರ ಬರೆದು ನಿಮ್ಮಲ್ಲಿಗೇ ಬಂದು ಒಂದು ದಿನ ಕಲಿಸುವಂತೆ ಕೇಳಿ. ಈ ವಾರವೇ ಬರೆಯಿರಿ.