ಗಣಕಯಂತ್ರದ ಸೆಂಟ್ರಲ್ ಪ್ರೊಸೆಸರು ಮಾಡುವ ಕೆಲಸ

ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವು ಹೆಚ್ಚುಕಡಮೆಯಾಗಿ ಕಂಡಾಗ "ಕಂಪ್ಯೂಟರು ತಪ್ಪು ಮಾಡಿತು" ಎನ್ನುವುದುಂಟು. ಕರ್ನಾಟಕದಲ್ಲಿ 2000ನೆಯ ಇಸವಿಯ ಸುಮಾರಿಗೆ "ಭೂಮಿ" ಯೋಜನೆಯ ಮೂಲಕ ಕೈಬರಹದ ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ಈ ಯಂತ್ರದೊಳಗೆ ಲೆಕ್ಕವು ಹೇಗೆ ನಡೆಯುವುದೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿದ್ದಲ್ಲಿ, ತಪ್ಪನ್ನು ಎಲ್ಲಿ ಹುಡುಕತಕ್ಕದ್ದೆಂಬುದು ಸ್ಪಷ್ಟವಾಗುವುದು.

ಲೆಕ್ಕ ಮಾಡುವ ಭಾಗಕ್ಕೆ ಸೆಂಟ್ರಲ್ ಪ್ರೊಸೆಸರು ಎಂದು ಹೆಸರು. ಸಿಲಿಕಾನಿನ ಸಣ್ಣ ಬಿಲ್ಲೆಯ ಮೇಲೆ ಟ್ರಾನ್ಸಿಸ್ಟರುಗಳೆಂಬ ಅತಿಸೂಕ್ಷ್ಮವಾದ ವಿದ್ಯುತ್ ಸ್ವಿಚ್ಚುಗಳನ್ನು ರಚಿಸಿ ಇದನ್ನು ತಯಾರಿಸುವರು. 1971ರಲ್ಲಿ ಅಮೆರಿಕದ ಇಂಟೆಲ್ ಕಂಪೆನಿಯು ಮಾರಾಟಕ್ಕೆ ತಂದ 4004 ಎಂಬುದರಲ್ಲಿ ಇಂತಹ ಸ್ವಿಚ್ಚುಗಳು ಸುಮಾರು 2,300 ಇದ್ದುವು. ಈಗಿನವುಗಳಲ್ಲಿ ನೂರಾರು ಕೋಟಿ ಇರುವುವು. ಆದರೂ ಕೆಲಸದ ಕ್ರಮವು ಮೂಲತಃ ಒಂದೇ. ಮೆಮೊರಿಯಲ್ಲಿ ಸಾಲಾಗಿ ಬರೆದಿಟ್ಟ ಆಜ್ಞೆಗಳಲ್ಲಿ ಒಂದನ್ನು ತರುವುದು, ಅದರ ಅರ್ಥವನ್ನು ಬಿಡಿಸುವುದು, ಅದರಂತೆ ನಡೆಯುವುದು, ಅನಂತರ ಮುಂದಿನದನ್ನು ತರುವುದು. ಪ್ರೊಸೆಸರಿನೊಳಗೆ ರಿಜಿಸ್ಟರುಗಳೂ ಉಂಟು. ಇವು ಕಚೇರಿಯ ದಪ್ಪ ಪುಸ್ತಕಗಳಲ್ಲ, ಒಂದೊಂದು ಅಂಕಿಯನ್ನು ಕ್ಷಣಕಾಲ ಇಡತಕ್ಕ ಸ್ಥಳಗಳು.

ಒಬ್ಬ ರೈತನಿಗೆ 2 ಎಕರೆ 25 ಗುಂಟೆಯ ಹೊಲವೊಂದೂ, 1 ಎಕರೆ 30 ಗುಂಟೆಯ ಗದ್ದೆಯೊಂದೂ ಇರುವುದೆಂದು ಭಾವಿಸೋಣ. ಪ್ರೊಸೆಸರು ಮೊದಲು 25ನ್ನೂ 30ನ್ನೂ ತಂದು, ಕೂಡಿ, 55 ಎಂದು ಇಟ್ಟುಕೊಳ್ಳುವುದು. ಮುಂದಿನ ಆಜ್ಞೆಯಂತೆ ಆ 55ನ್ನು 40ರೊಡನೆ ಹೋಲಿಸುವುದು. ಅದು 40ಕ್ಕೆ ಕಡಮೆಯಾಗಿದ್ದಲ್ಲಿ ಎಕರೆಗಳನ್ನು ಕೂಡುವ ಆಜ್ಞೆಗೆ ನೇರವಾಗಿ ಹಾರುತ್ತಿತ್ತು. ಹೆಚ್ಚಾಗಿರುವುದರಿಂದ 40ನ್ನು ಕಳೆದು 15ನ್ನು ಉಳಿಸಿ, ಎಕರೆಯ ಲೆಕ್ಕಕ್ಕೆ 1ನ್ನು ಸೇರಿಸುವುದು. ಕಡೆಗೆ 4 ಎಕರೆ 15 ಗುಂಟೆ ಎಂದು ಬರುವುದು. ಹಿಂದೆ ಶ್ಯಾನುಭೋಗರು ಮಾಡುತ್ತಿದ್ದ ಲೆಕ್ಕವೇ ಇದು. ವೇಗ ಮಾತ್ರ ಬೇರೆ: ಪ್ರೊಸೆಸರಿನ ಹೆಜ್ಜೆಗಳನ್ನು ನಡೆಸುವ ವಿದ್ಯುತ್ ಮಿಡಿತವು ಈಗಿನ ಯಂತ್ರಗಳಲ್ಲಿ ಸೆಕೆಂಡಿಗೆ 300 ಕೋಟಿಯಷ್ಟಾಗಿರುವುದು ಸಾಮಾನ್ಯ.

ಎಕರೆಗೆ 40 ಗುಂಟೆಯೆಂಬುದನ್ನು ಆಜ್ಞೆ ಬರೆದವರು ಅರಿತಿರುವರೇ ಹೊರತು ಪ್ರೊಸೆಸರು ಅರಿಯದು. ಅಂಕಿಗಳನ್ನು ಒತ್ತುವವರು 25ರ ಬದಲು 52 ಎಂದು ಒತ್ತಿದರೆ, ಗುಂಟೆಯು 40ನ್ನು ಮೀರಕೂಡದೆಂದು ಶಾಲೆಯ ಬಾಲಕನೂ ಹೇಳಿಯಾನು. ಪ್ರೊಸೆಸರಾದರೋ, "40 ಅಥವಾ ಹೆಚ್ಚಿದ್ದರೆ ನಿಲ್ಲಿಸು" ಎಂಬ ಆಜ್ಞೆಯನ್ನು ಮೊದಲೇ ಬರೆದಿಟ್ಟಿದ್ದರೆ ಮಾತ್ರ ನಿಲ್ಲಿಸುವುದು. 35 ಎಂದು ಒತ್ತಿದ್ದಲ್ಲಿ ಆ ಪರೀಕ್ಷೆಯೂ ನಿಷ್ಫಲವಾಗಿ, ಇಲ್ಲದ 10 ಗುಂಟೆಯು ಅಚ್ಚುಕಟ್ಟಾಗಿ ಮುದ್ರಿತವಾಗಿ ಬರುವುದು. ಕೂಡುವುದರಲ್ಲಿ ಏನೂ ತಪ್ಪಿರುವುದಿಲ್ಲ.

ಆದುದರಿಂದ ಜಮೀನುದಾರರು ಮುದ್ರಿತ ಪಹಣಿಯ ಅಂಕಿಗಳನ್ನು ಹಳೆಯ ಕೈಬರಹದ ಪಹಣಿ, ಆಕಾರಬಂದ್ ಮತ್ತು ಮ್ಯುಟೇಷನ್ ದಾಖಲೆಗಳೊಡನೆ ಹೋಲಿಸಿ ನೋಡತಕ್ಕದ್ದು. ವ್ಯತ್ಯಾಸ ಕಂಡಲ್ಲಿ ಅವುಗಳ ನಕಲುಗಳನ್ನು ಲಗತ್ತಿಸಿ ತಾಲ್ಲೂಕು ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು.