ತಲೆನೋವು ಬಂದರೆ ಮುಚ್ಚಿಡಬೇಡ

ಗಂಗೋತ್ರಿಯ ಮೇಲಿನ ತಪೋವನದ ಟ್ರೆಕ್ಕಿಗೆ ಹೆಸರು ಕೊಟ್ಟು ದುಡ್ಡೂ ಕಟ್ಟಿಬಿಟ್ಟಿದ್ದೀಯಂತೆ. ಅಕ್ಕ ಫೋನಿನಲ್ಲಿ ಹೇಳಿದಳು. ಹೇಳಿದ್ದು ಕಡಿಮೆ, ಗೋಳಾಡಿದ್ದೇ ಹೆಚ್ಚು. ‘ಅವನಿಗೆ ಈ ಹುಚ್ಚು ಹತ್ತಿಸಿದವಳು ನೀನೇ, ಈಗ ನೀನೇ ಬುದ್ಧಿ ಹೇಳು’ ಅಂದಳು. ಹೋಗಬೇಡ ಅನ್ನುವಷ್ಟು ಬುದ್ಧಿ ನನಗಿದ್ದಿದ್ದರೆ ನಿನಗೆ ಆ ಹುಚ್ಚು ಹತ್ತುತ್ತಲೇ ಇರಲಿಲ್ಲ ಬಿಡು. ಹೋಗಿ ಬಾ. ಆದರೆ ಬ್ಯಾಗು ತುಂಬುವ ಮೊದಲು ಚಿಕ್ಕಮ್ಮನ ಮಾತು ಒಂದಿಷ್ಟು ಕಿವಿಗೆ ಹಾಕಿಕೋ.

ನೀನು ಕಳಿಸಿದ ಕಾರ್ಯಕ್ರಮದ ಹಾಳೆ ಓದಿದೆ. ಫೋಟೋ, ವರ್ಣನೆ ಎಲ್ಲ ಬಿಟ್ಟು ಯಾವ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದನ್ನಷ್ಟೇ ನೋಡಿದೆ. ನೀನೂ ಅದನ್ನೇ ನೋಡು. ಬೆಂಗಳೂರು ಇರುವುದು 920 ಮೀಟರ್ ಎತ್ತರದಲ್ಲಿ. ಗಂಗೋತ್ರಿ ಸುಮಾರು 3,100. ಅಲ್ಲಿಂದ ಹದಿನಾಲ್ಕು ಕಿಲೋಮೀಟರ್ ನಡೆದರೆ ಭೋಜ್‌ಬಾಸಾ, ಅದು 3,800ರ ಹತ್ತಿರ. ಇನ್ನು ನಾಲ್ಕು ಕಿಲೋಮೀಟರಿಗೆ ಗೋಮುಖ, 4,000. ಹಿಮನದಿ ದಾಟಿ ಹತ್ತಿದರೆ ತಪೋವನ, 4,400. ಗಾಳಿಯಲ್ಲಿ ಆಮ್ಲಜನಕದ ಪಾಲು ಇಲ್ಲೂ ಅಲ್ಲೂ ಶೇಕಡ 21ರಷ್ಟೇ. ಕುಸಿಯುವುದು ಗಾಳಿಯ ಒತ್ತಡ. ಗೋಮುಖದಲ್ಲಿ ನಿಂತು ನೀನು ಎಳೆದುಕೊಳ್ಳುವ ಒಂದು ಉಸಿರಿನಲ್ಲಿ ಮಂಗಳೂರಿನ ಕಡಲ ದಂಡೆಯ ಉಸಿರಿನಲ್ಲಿರುವ ಆಮ್ಲಜನಕದ ಶೇಕಡ 60ರಷ್ಟು ಮಾತ್ರ ಸಿಗುತ್ತದೆ.

ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ಅದಕ್ಕೆ ರಾತ್ರಿಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು ಎಂದು ವೈದ್ಯರು ಹೇಳುತ್ತಾರೆ. ಈಗ ನಿನ್ನ ಹಾಳೆಗೆ ಲೆಕ್ಕ ಹಾಕು. ಗಂಗೋತ್ರಿಯಿಂದ ಭೋಜ್‌ಬಾಸಾಕ್ಕೆ ಒಂದೇ ದಿನದಲ್ಲಿ 700 ಮೀಟರ್. ಮಾರನೆಯ ದಿನವೇ ತಪೋವನಕ್ಕೆ ಇನ್ನೂ 600. ಲೆಕ್ಕ ಕೂಡುವುದಿಲ್ಲ ಅಲ್ಲವೇನೋ? ಮಧ್ಯೆ ಚೀಡ್‌ಬಾಸಾದಲ್ಲಿ ಒಂದು ರಾತ್ರಿ ನಿಲ್ಲಿಸುವವರಿದ್ದಾರೆ, ಹರ್ಸಿಲ್‌ನಲ್ಲೊಂದು ರಾತ್ರಿ, ಗಂಗೋತ್ರಿಯಲ್ಲಿ ಎರಡು ರಾತ್ರಿ ಕೊಡುವವರಿದ್ದಾರೆ. ನಿನ್ನವರು ಒಂದನ್ನೂ ಕೊಟ್ಟಿಲ್ಲ. ನಾಳೆಯೇ ಫೋನ್ ಮಾಡಿ ಕೇಳು. ‘ನಮ್ಮ ಹುಡುಗರೆಲ್ಲ ಆರಾಮಾಗಿ ಮಾಡ್ತಾರೆ ಸಾರ್’ ಅಂದರೆ ನೀನೇ ಎರಡು ದಿನ ಮೊದಲು ಹೋಗಿ ಗಂಗೋತ್ರಿಯಲ್ಲಿ ಕೂತುಕೋ. ಧರ್ಮಶಾಲೆಗಳಿವೆ, ಭಾಗೀರಥಿಯ ಸದ್ದಿದೆ, ಬೇಜಾರಾಗುವುದಿಲ್ಲ.

ನೀನು ದಿನಾ ಓಡುತ್ತೀಯ, ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೀಯ, ಗೊತ್ತು. ಕಾಲಿಗೆ ಅದು ಒಳ್ಳೆಯ ತಯಾರಿ. ಬೆನ್ನ ಮೇಲೆ ಏಳೆಂಟು ಕೆಜಿ ಹೊತ್ತು ಹತ್ತಿರದ ಯಾವುದಾದರೂ ಬೆಟ್ಟದ ಮೆಟ್ಟಿಲನ್ನು ವಾರಕ್ಕೆರಡು ಸಲ ಹತ್ತಿ ಇಳಿ, ಇಳಿಯುವಾಗ ಮಂಡಿ ಏನು ಹೇಳುತ್ತದೆ ನೋಡಿಕೋ. ಆದರೆ ಕುಮಾರಪರ್ವತದ ನೆತ್ತಿ 1,712 ಮೀಟರ್. ಅಲ್ಲಿ ಗಟ್ಟಿಯಾದ ಪುಪ್ಪುಸ ಭೋಜ್‌ಬಾಸಾದಲ್ಲಿ ಏನು ಮಾಡುತ್ತದೆ ಅನ್ನುವುದಕ್ಕೆ ಯಾರೂ ಗ್ಯಾರಂಟಿ ಕೊಡಲಾರರು. ಎತ್ತರದ ಕಾಯಿಲೆ ವಯಸ್ಸು ನೋಡುವುದಿಲ್ಲ, ಜಿಮ್ಮಿನ ಕಾರ್ಡೂ ನೋಡುವುದಿಲ್ಲ. ನಾನು ಕಂಡ ಹಾಗೆ ಮೊದಲು ಮಲಗುವವರು ನಿನ್ನಂಥ ಗಟ್ಟಿ ಹುಡುಗರೇ. ಶಕ್ತಿ ಇದೆ ಅಂತ ದಾಪುಗಾಲು ಹಾಕಿ ಮಧ್ಯಾಹ್ನಕ್ಕೇ ಕ್ಯಾಂಪ್ ಮುಟ್ಟುತ್ತಾರೆ, ರಾತ್ರಿ ಊಟದ ಹೊತ್ತಿಗೆ ಟೆಂಟಿನಿಂದ ಹೊರಗೆ ಬರುವುದಿಲ್ಲ.

ಇನ್ನು ಈ ಕಾಗದದ ಮುಖ್ಯ ಮಾತಿಗೆ ಬರುತ್ತೇನೆ. ಭೋಜ್‌ಬಾಸಾದಲ್ಲಿ ನಿನಗೆ ತಲೆನೋವು ಬರಬಹುದು. ಅನ್ನ ಸೇರದಿರಬಹುದು, ವಾಕರಿಕೆ ಬರಬಹುದು, ನಿದ್ದೆ ಹತ್ತದಿರಬಹುದು. ಬಂದರೆ ಗೈಡಿಗೆ ಆಗಲೇ ಹೇಳು. ಸಂಜೆ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿ ‘ಹೇಗಿದ್ದೀಯ’ ಅಂತ ಕೇಳಿದಾಗ ಎಲ್ಲರೂ ‘ಫೈನ್’ ಅನ್ನುತ್ತಾರೆ. ಪಕ್ಕದಲ್ಲಿ ಪರಿಚಯದ ಹುಡುಗಿಯೊಬ್ಬಳು ಕೂತಿದ್ದರಂತೂ ಇನ್ನೂ ಜೋರಾಗಿ ಅನ್ನುತ್ತಾರೆ! ಕದ್ದು ನೋವಿನ ಮಾತ್ರೆ ನುಂಗಿ ಮಾರನೆಯ ದಿನ ಹೊರಡುವವರನ್ನು ನಾನು ನೋಡಿದ್ದೇನೆ. ಅದನ್ನು ಅವರು ಧೈರ್ಯ ಅಂದುಕೊಂಡಿರುತ್ತಾರೆ. ಜೊತೆಯಲ್ಲಿರುವ ಹದಿನಾಲ್ಕು ಜನಕ್ಕೆ ಅದರಿಂದ ಏನಾಗುತ್ತದೆ ಅಂತ ಯೋಚಿಸಿರುವುದಿಲ್ಲ.

ಯೋಚಿಸು. ಭೋಜ್‌ಬಾಸಾದಲ್ಲೇ ಹೇಳಿದರೆ ಒಂದು ದಿನ ಅಲ್ಲೇ ನಿಲ್ಲಿಸುತ್ತಾರೆ. ಕಡಿಮೆಯಾಗದಿದ್ದರೆ ಒಬ್ಬ ಸಹಾಯಕನನ್ನು ಜೊತೆಮಾಡಿ ಕೆಳಗೆ ಕಳಿಸುತ್ತಾರೆ, ನೀನು ನಿನ್ನ ಕಾಲಮೇಲೇ ಇಳಿಯುತ್ತೀಯ. ಮುಚ್ಚಿಟ್ಟು ತಪೋವನದಲ್ಲಿ ಬಿದ್ದರೆ ಆರು ಜನ ಪೋರ್ಟರುಗಳು ಸರದಿಯ ಮೇಲೆ ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು, ಕಾಲಿಟ್ಟಲ್ಲಿ ಜಾರುವ ಕಲ್ಲುರಾಶಿಯಲ್ಲಿ, ಬಹುಶಃ ಕತ್ತಲಲ್ಲಿ ಇಳಿಯಬೇಕು. ಮುಖ್ಯ ಗೈಡ್ ನಿನ್ನ ಜೊತೆ ಹೋಗುತ್ತಾನೆ. ಮೇಲೆ ಉಳಿದವರಿಗೆ ಹವೆ ಕೆಟ್ಟರೆ ದಾರಿ ತೋರಿಸುವವರು ಯಾರು? ನಿನ್ನ ತಲೆನೋವು ಅಲ್ಲಿ ನಿನ್ನೊಬ್ಬನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ.

ಎರಡು ಬಗೆಯ ಚಿಹ್ನೆ ಕಂಡರೆ ಮಾತ್ರ ಒಂದು ನಿಮಿಷವೂ ಕಾಯುವಂತಿಲ್ಲ. ಸುಮ್ಮನೆ ಕೂತಾಗಲೂ ಏದುಸಿರು, ಎಡೆಬಿಡದ ಕೆಮ್ಮು, ಕಫದಲ್ಲಿ ನೊರೆ ಇದ್ದರೆ ಪುಪ್ಪುಸದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಮಾತು ತೊದಲಿದರೆ, ಗೊಂದಲವಾದರೆ, ನೆಟ್ಟಗೆ ನಡೆಯಲಾಗದಿದ್ದರೆ ಮಿದುಳು ಊದಿಕೊಳ್ಳುತ್ತಿದೆ. ಗೈಡುಗಳು ಇದಕ್ಕೊಂದು ಪರೀಕ್ಷೆ ಮಾಡುತ್ತಾರೆ: ಊಟದ ಟೆಂಟಿನ ಮುಂದೆ ನೆಲದ ಮೇಲೆ ಕೋಲಿನಿಂದ ಗೆರೆ ಎಳೆದು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ತಾಗಿಸುತ್ತಾ ನಡೆ ಅನ್ನುತ್ತಾರೆ. ಓಲಾಡಿದವನನ್ನು ರಾತ್ರಿಯಾದರೂ ಸರಿ, ಕೆಳಗೆ ಇಳಿಸಬೇಕು. ಇಳಿಯುವುದೇ ಮದ್ದು, ಉಳಿದ ಮದ್ದೆಲ್ಲ ಇಳಿಯುವವರೆಗೆ ಹೊತ್ತು ಕಳೆಯಲಿಕ್ಕೆ. ಎತ್ತರದ ಕಾಯಿಲೆಗೆಂದು ಕೊಡುವ ಡಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳಬೇಕೋ ಬೇಡವೋ ಅನ್ನುವುದನ್ನು ಬೆಂಗಳೂರಿನಲ್ಲೇ ಡಾಕ್ಟರನ್ನು ಕೇಳು. ಸಲ್ಫಾ ಔಷಧಿ ಒಗ್ಗದ ಮೈಯಾದರೆ ಅದನ್ನೂ ಹೇಳು. ವಾಟ್ಸಾಪ್ ಗುಂಪಿನ ಅಣ್ಣಂದಿರು ಹೇಳಿದ ಡೋಸು ನುಂಗಬೇಡ.

ಹಿಮನದಿ ಅಂದರೆ ನೀನು ಬಿಳಿ ಬಯಲನ್ನು ಕಲ್ಪಿಸಿಕೊಂಡಿರುತ್ತೀಯ. ಸುಮಾರು ಮೂವತ್ತು ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿಯ ಕೆಳತುದಿ ನೋಡಿದರೆ ಮೊದಲ ಸಲ ಎಲ್ಲರಿಗೂ ನಿರಾಸೆಯೇ. ಬೂದು ಕಲ್ಲು, ಮಣ್ಣು, ಜಲ್ಲಿ, ಕಲ್ಲುಕ್ವಾರಿಯನ್ನು ಯಾರೋ ತಲೆಕೆಳಗು ಮಾಡಿ ಸುರಿದ ಹಾಗಿರುತ್ತದೆ. ಐಸು ಅದರ ಅಡಿಯಲ್ಲಿದೆ. ಕಲ್ಲುಗಳ ಸಂದಿಯಲ್ಲಿ ಬಗ್ಗಿ ನೋಡಿದರೆ ಕಪ್ಪು ಗಾಜಿನಂತೆ ಹೊಳೆಯುತ್ತದೆ, ಒಳಗೆಲ್ಲೋ ನೀರು ಹರಿಯುವ ಸದ್ದು ಕೇಳುತ್ತದೆ. ಸೋಫಾದಷ್ಟು ದೊಡ್ಡ ಬಂಡೆಯೂ ಆ ಐಸಿನ ಮೇಲೆ ಸುಮ್ಮನೆ ಕೂತಿರುತ್ತದೆ, ನೀನು ಕಾಲಿಟ್ಟರೆ ಜಾರುತ್ತದೆ. ಗೈಡ್ ಒಂದೊಂದು ಕಲ್ಲನ್ನೂ ಕೋಲಿನಿಂದ ತಟ್ಟಿ, ಅರ್ಧ ಭಾರ ಹಾಕಿ, ಆಮೇಲೆ ಕಾಲಿಡುತ್ತಾನೆ. ಅವನು ಇಟ್ಟಲ್ಲೇ ನೀನೂ ಇಡು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯಬೇಡ. ಮೇಲಿಂದ ಕಲ್ಲು ಉರುಳುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಮೊಬೈಲಿನಲ್ಲಿ ಹೋದ ವರ್ಷದವರ ದಾರಿ ಇದೆ ಅಂತಲೂ ನೆಚ್ಚಬೇಡ. ಐಸು ಕರಗುತ್ತದೆ, ಚಲಿಸುತ್ತದೆ. ಕವಿ ಡಬ್ಲ್ಯು. ಎಚ್. ಆಡನ್ ಅವರ ಅಣ್ಣ ಜಾನ್ ಆಡನ್ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದರು. ಅವರು 1935ರಲ್ಲಿ ಈ ಹಿಮನದಿಯ ತುದಿಯಾದ ಗೋಮುಖದ ನಕ್ಷೆ ಮಾಡಿದ ಮೇಲೆ ಅದು ಬಹಳ ಹಿಂದೆ ಸರಿದಿದೆ. 2016ರಲ್ಲಿ ಗೋಮುಖದ ದೊಡ್ಡ ಭಾಗವೇ ಕುಸಿದು ಬಿತ್ತು. ಹೋದ ಸೀಸನ್ನಿನ ದಾರಿ ಈ ಸೀಸನ್ನಿನಲ್ಲಿ ಹೊಂಡವಾಗಿರಬಹುದು. ಗೋಮುಖದ ಗುಹೆಯ ಬಾಯಿಗೆ ಹೋಗಿ ಸೆಲ್ಫಿ ತೆಗೆದುಕೊಳ್ಳುವವರನ್ನು ಕಂಡರೆ ದೂರ ನಿಲ್ಲು, ತೀರ್ಥ ಬೇಕಾದರೆ ಕೆಳಗಡೆಯೇ ತುಂಬಿಕೋ, ಗಂಗೆ ಅದೇ. ತೊರೆಗಳನ್ನು ಬೆಳಿಗ್ಗೆಯೇ ದಾಟಿಸುತ್ತಾರೆ, ಯಾಕೆ ಇಷ್ಟು ಬೇಗ ಎಬ್ಬಿಸುತ್ತಾರೆ ಅಂತ ಗೊಣಗಬೇಡ. ಬಿಸಿಲೇರಿ ಹಿಮ ಕರಗಿದ ಮೇಲೆ ಮೊಣಕಾಲ ನೀರು ಸೊಂಟಕ್ಕೆ ಬರುತ್ತದೆ.

2024ರ ಜೂನ್ ನಿನಗೆ ನೆನಪಿದೆಯಲ್ಲ. ಅದೇ ಉತ್ತರಕಾಶಿ ಸೀಮೆಯ ಸಹಸ್ರತಾಲಕ್ಕೆ ನಮ್ಮ ಕಡೆಯವರೇ ಹೆಚ್ಚಾಗಿದ್ದ ಇಪ್ಪತ್ತೆರಡು ಜನರ ತಂಡ ಹೋಗಿತ್ತು. ವಾಪಸು ಬರುವಾಗ ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ತೀರಿಕೊಂಡರು. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರಿನಲ್ಲಿ ತಂದರು. ಆ ತಂಡದಲ್ಲಿ ಬೆಟ್ಟ ಹತ್ತಿ ಪಳಗಿದವರಿದ್ದರು. ಯಾರ ತಪ್ಪು ಅಂತ ಇಲ್ಲಿ ಕೂತು ತೀರ್ಪು ಕೊಡುವುದು ನನ್ನಿಂದಾಗದು. ಇಷ್ಟು ಮಾತ್ರ ಹೇಳುತ್ತೇನೆ: ಜೂನ್ ತಿಂಗಳಲ್ಲೂ ಅಲ್ಲಿ ಚಳಿ ಜೀವ ತೆಗೆಯುತ್ತದೆ, ಮೈ ಒದ್ದೆಯಾಗಿ ಗಾಳಿ ಬೀಸಿದರೆ ಕೆಲವೇ ಗಂಟೆ ಸಾಕು. ಆದ್ದರಿಂದ ಬೆಚ್ಚನೆಯ ಜಾಕೆಟ್ಟು, ಮಳೆಯಂಗಿ, ಒಣ ಕಾಲುಚೀಲ, ಟಾರ್ಚು ನಿನ್ನ ಬೆನ್ನ ಮೇಲೇ ಇರಬೇಕು. ಹೇಸರಗತ್ತೆಯ ಮೇಲೆ ಹಾಕಿ ಕಳಿಸಿದ್ದು ಬೇಕಾದ ಹೊತ್ತಿಗೆ ಎಲ್ಲಿರುತ್ತದೋ! ಹತ್ತಿಯ ಟೀಶರ್ಟು ಮನೆಯಲ್ಲಿರಲಿ, ಒದ್ದೆಯಾದರೆ ಒಣಗುವುದೇ ಇಲ್ಲ. ಹೊಸ ಬೂಟನ್ನು ಈಗಿನಿಂದಲೇ ಹಾಕಿಕೊಂಡು ಆಫೀಸಿಗೆ ಹೋಗು, ನಕ್ಕರೆ ನಗಲಿ.

ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಒಬ್ಬರು ಇದ್ದೇ ಇರುತ್ತಾರೆ, ಬಹುಶಃ ನನ್ನ ವಯಸ್ಸಿನ ಹೆಂಗಸು. ಅವರನ್ನು ನೋಡಿ ಮುಖ ಗಂಟಿಕ್ಕಬೇಡ. ಒಂದು ದಿನವಾದರೂ ಅವರ ಜೊತೆ, ಕೊನೆಯಲ್ಲಿ ಬರುವ ಸ್ವೀಪ್ ಗೈಡಿನ ಜೊತೆ ನಡೆದು ನೋಡು. ಭರಾಲ್ ಎಂಬ ಕಾಡುಕುರಿಗಳ ಹಿಂಡು ಕಾಣುವುದು ಹಿಂದೆ ಉಳಿದವರಿಗೇ. ಭೋಜ್‌ಬಾಸಾಕ್ಕೆ ಹೆಸರು ಕೊಟ್ಟ ಭೋಜ ಮರಗಳನ್ನು ಸೌದೆಗೆ ಕಡಿದು ಮುಗಿಸಿದ್ದರು. ನಂದಾದೇವಿ ಹತ್ತಿದ ಹರ್ಷವಂತಿ ಬಿಷ್ಟ್ ಅವರು ಅಲ್ಲಿ ಬೇಲಿ ಹಾಕಿ ಮತ್ತೆ ಸಸಿ ನೆಡಿಸಿದರು. ಗೈಡನ್ನು ಕೇಳಿದರೆ ತೋರಿಸುತ್ತಾನೆ. ಓಡುವವರು ಅದನ್ನೂ ನೋಡದೆ ದಾಟಿಹೋಗುತ್ತಾರೆ. ಗೋಮುಖಕ್ಕೆ ದಿನಕ್ಕೆ 150 ಜನರನ್ನು ಮಾತ್ರ ಬಿಡುವುದೂ ಇಂಥ ಹಾನಿ ಕಂಡೇ. ಆದ್ದರಿಂದ ನಿನ್ನ ಚಾಕೊಲೇಟ್ ಕಾಗದ ನಿನ್ನ ಜೇಬಿನಲ್ಲೇ ವಾಪಸು ಬರಲಿ.

ಅಡುಗೆಯವನು ಆ ಚಳಿಯಲ್ಲಿ ಸೀಮೆಎಣ್ಣೆ ಸ್ಟೋವಿನ ಮುಂದೆ ಕೂತು ಮಾಡಿದ ಆಲೂ ಪಲ್ಯಕ್ಕೆ ಹೆಸರಿಡಬೇಡ. ಪೋರ್ಟರುಗಳ ಕಾಲಲ್ಲಿ ಏನು ಬೂಟಿದೆ, ರಾತ್ರಿ ಎಲ್ಲಿ ಮಲಗುತ್ತಾರೆ ಅಂತ ಕಣ್ಣುಬಿಟ್ಟು ನೋಡು. ಅವರನ್ನು ಹೇಗೆ ನೋಡಿಕೊಳ್ಳುತ್ತಾರೋ ಕಷ್ಟ ಬಂದಾಗ ಆ ಕಂಪನಿ ನಿನ್ನನ್ನೂ ಹಾಗೆಯೇ ನೋಡಿಕೊಳ್ಳುತ್ತದೆ. ಹೆಲಿಕಾಪ್ಟರ್ ಖರ್ಚು ಕೊಡುವ, 4,500 ಮೀಟರಿನವರೆಗೂ ಅನ್ವಯಿಸುವ ವಿಮೆ ಮಾಡಿಸು. ಅಮೆರಿಕದ ಗೆಳೆಯನ ಸ್ಯಾಟಲೈಟ್ ಗ್ಯಾಜೆಟ್ಟನ್ನು ಮಾತ್ರ ಒಯ್ಯಬೇಡ, ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರೆ.

ಕೊನೆಗೆ, ವಾಪಸು ಟಿಕೆಟ್ಟು. ಟ್ರೆಕ್ ಮುಗಿಯುವ ಮಾರನೆಯ ದಿನಕ್ಕೇ ದೆಹಲಿಯಿಂದ ವಿಮಾನ ಹಿಡಿಯುವ ಹಾಗೆ ಮಾಡಿಸಿದ್ದೀಯ, ಸೋಮವಾರ ಮೀಟಿಂಗ್ ಇದೆ ಅಂತ. ಅದನ್ನು ಬದಲಾಯಿಸು. ಉತ್ತರಕಾಶಿ ರಸ್ತೆಯಲ್ಲಿ ಗುಡ್ಡ ಕುಸಿದರೆ ಒಂದು ದಿನ ಹೋಗುವುದು ಏನೂ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಮೋಡ ಕಟ್ಟಿದ ಬೆಳಿಗ್ಗೆ ಗೈಡ್ ‘ಇವತ್ತು ಬೇಡ, ನಾಳೆ ನೋಡೋಣ’ ಅಂದಾಗ, ‘ನನ್ನ ಫ್ಲೈಟ್ ಇದೆ, ಇವತ್ತೇ ಹೋಗಬೇಕು’ ಎಂದು ಅವನ ಜೀವ ತಿನ್ನುವವನು ನೀನಾಗಬಾರದು. ‘ಬೇಡವೇ ಬೇಡ’ ಅಂದರೆ ಗೋಮುಖದಿಂದಲೇ ತಿರುಗಿ ಬಾ. ಎರಡು ದಿನ ಹೆಚ್ಚಿಗೆ ರಜೆ ಹಾಕು. ಅಕ್ಕನಿಗೂ ಆ ಎರಡು ದಿನ ಸೇರಿಸಿಯೇ ತಾರೀಕು ಹೇಳು. ಗಂಗೋತ್ರಿ ದಾಟಿದ ಮೇಲೆ ಫೋನನ್ನು ನಂಬುವ ಹಾಗಿಲ್ಲ ಅಂತ ಮೊದಲೇ ತಿಳಿಸಿರು. ಇಲ್ಲದಿದ್ದರೆ ಒಂದು ಸಂಜೆ ತಡವಾದರೂ ಅವಳು ಮೊದಲು ನನಗೇ ಫೋನ್ ಮಾಡುತ್ತಾಳೆ.